ಎಲ್ಲರ ಮೋರ್ಸ್ ನನಗೆ ಕೇಳಿಸುತ್ತದೆ, ನನ್ನ 5 ವ್ಯಾಟ್‌ಗೆ ಯಾರೂ ಉತ್ತರಿಸುವುದಿಲ್ಲ (40 ಮೀಟರ್ ಸಿಡಬ್ಲ್ಯೂ ಕಿಟ್)

ಹೊಸಕಿವಿ

ಎಲ್ಲರಿಗೂ ನಮಸ್ಕಾರ. ಹವ್ಯಾಸಿ ರೇಡಿಯೋ ಪರವಾನಗಿ ಸಿಕ್ಕ ಮೇಲೆ 40 ಮೀಟರ್ (7 ಮೆಗಾಹರ್ಟ್ಸ್) ಬ್ಯಾಂಡ್ ಒಂದಕ್ಕೇ ಆಗುವ ಅಗ್ಗದ ಸಿಡಬ್ಲ್ಯೂ (ಅಂದರೆ ಮೋರ್ಸ್) ಟ್ರಾನ್ಸೀವರ್ ಕಿಟ್ ತರಿಸಿ ಜೋಡಿಸಿದ್ದೇನೆ. ಡೈರೆಕ್ಟ್ ಕನ್ವರ್ಷನ್ ರಿಸೀವರ್, ಆವರ್ತನ ಹುಟ್ಟಿಸಲು ಎಸ್‌ಐ5351 ಚಿಪ್, ಕೊನೆಯ ಹಂತದಲ್ಲಿ ಕ್ಲಾಸ್-ಇ ಕ್ರಮದಲ್ಲಿ (ಟ್ರಾನ್ಸಿಸ್ಟರ್ ಸ್ವಿಚ್‌ನಂತೆ ಕೆಲಸ ಮಾಡುವ ಕ್ರಮ) ಒಟ್ಟಿಗೆ ಜೋಡಿಸಿದ ಮೂರು ಬಿಎಸ್170 ಟ್ರಾನ್ಸಿಸ್ಟರ್‌ಗಳು. ಕಾಗದದ ಮೇಲೆ 5 ವ್ಯಾಟ್. 12 ವೋಲ್ಟ್ ಬ್ಯಾಟರಿ. ಆಂಟೆನಾ ಸುಮಾರು 20 ಮೀಟರ್ ಉದ್ದದ ಡೈಪೋಲ್, ಎಸ್‌ಡಬ್ಲ್ಯೂಆರ್ (ಆಂಟೆನಾ ಎಷ್ಟು ಹೊಂದಿಕೊಂಡಿದೆ ಎಂಬ ಅಳತೆ, 1 ಎಂದರೆ ಪೂರ್ತಿ ಹೊಂದಿಕೆ) 1.5.

ಸಂಜೆಯ ಹೊತ್ತು 7.000ರಿಂದ 7.040 ಮೆಗಾಹರ್ಟ್ಸ್‌ವರೆಗೆ ತುಂಬ ನಿಲ್ದಾಣಗಳು ಸ್ಪಷ್ಟವಾಗಿ ಕೇಳಿಸುತ್ತವೆ. ಯಾರಾದರೂ ಸಿಕ್ಯೂ (ಕೇಳಿಸಿದವರು ಉತ್ತರಿಸಿ ಎಂಬ ಕರೆ) ಕೂಗುತ್ತಿದ್ದರೆ ನನ್ನ ಕರೆಸಂಕೇತ ಕಳುಹಿಸುತ್ತೇನೆ. ಅವರು ಮತ್ತೆ ಸಿಕ್ಯೂ ಕೂಗುತ್ತಾರೆ, ನಾನು ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ. ವಾರಗಳಿಂದ ಇದೇ ಕಥೆ. ತಪ್ಪು ರೇಡಿಯೋದ್ದೋ ಆಂಟೆನಾದ್ದೋ, ಅಥವಾ 5 ವ್ಯಾಟ್ ಎಂದರೆ ಇಷ್ಟೇಯೋ?

ಬಿಸಿಸಿಂಕ್

ಸಣ್ಣ ಪವರ್‌ಗೆ ಇದು ಮಾಮೂಲು. ಈ ಜಾತಿಯ ಸರ್ಕ್ಯೂಟ್‌ಗಳು 15 ವೋಲ್ಟ್‌ವರೆಗೆ ಸಹಿಸಿಕೊಳ್ಳುತ್ತವೆ. ವೋಲ್ಟೇಜ್ ಏರಿಸಿ, ಆಂಟೆನಾವನ್ನು ಸ್ವಲ್ಪ ಸ್ವಲ್ಪ ಕತ್ತರಿಸಿ ಎಸ್‌ಡಬ್ಲ್ಯೂಆರ್ 1.1ಕ್ಕೆ ತನ್ನಿ. ಆಮೇಲೆ ನೋಡೋಣ.

ತಂತಿಮರ

ಹೊಸಕಿವಿಯವರೇ, ದಯವಿಟ್ಟು ಎರಡನ್ನೂ ಮಾಡಬೇಡಿ.

ಕ್ಲಾಸ್-ಇ ಹಂತದಲ್ಲಿ ಟ್ರಾನ್ಸಿಸ್ಟರಿನ ಡ್ರೈನ್ ಮೇಲಿನ ಗರಿಷ್ಠ ವೋಲ್ಟೇಜ್ ಪೂರೈಕೆಯ ಸುಮಾರು 3.56 ಪಟ್ಟು. 12 ವೋಲ್ಟ್ ಕೊಟ್ಟರೆ 43, 15 ಕೊಟ್ಟರೆ 53. ಬಿಎಸ್170ರ ಮಿತಿ 60 ವೋಲ್ಟ್. ಇದು ಎಲ್ಲವೂ ಹೊಂದಿಕೊಂಡಿರುವಾಗಿನ ಲೆಕ್ಕ. ಗಾಳಿಗೆ ಆಂಟೆನಾದ ಒಂದು ತಂತಿ ಕಳಚಿಕೊಂಡರೆ ಮೂರೂ ಟ್ರಾನ್ಸಿಸ್ಟರ್‌ಗಳು ಒಟ್ಟಿಗೇ ಹೊರಡಬಹುದು. ಅಷ್ಟು ಅಪಾಯ ಹೊತ್ತು ಗಳಿಸುವುದೇನು? ಪವರ್ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ 1.56 ಪಟ್ಟು. ಡೆಸಿಬೆಲ್‌ನಲ್ಲಿ 1.9. ರಿಸೀವರಿನ ಮೀಟರ್ ಮೇಲಿನ ಒಂದು ಹೆಜ್ಜೆ, ಅಂದರೆ ಒಂದು ಎಸ್ ಯುನಿಟ್, 6 ಡೆಸಿಬೆಲ್. ಆ ಕಡೆಯವರ ಮೀಟರ್ ಕದಲಿತೋ ಇಲ್ಲವೋ ಎನ್ನುವಷ್ಟು ಲಾಭ.

ಎಸ್‌ಡಬ್ಲ್ಯೂಆರ್ 1.5 ಇದ್ದಾಗ ಹಿಂದಿರುಗುವುದು ಶೇಕಡಾ 4ರಷ್ಟು ಪವರ್ ಮಾತ್ರ. ಅದಕ್ಕಾಗಿ ಏಣಿ ಹತ್ತಿ ತಂತಿ ಕತ್ತರಿಸುವವರನ್ನು ಕಂಡರೆ ನನಗೆ ಅಚ್ಚರಿಯಾಗುತ್ತದೆ. ಕತ್ತರಿಸಿದ ತಂತಿ ಮತ್ತೆ ಬೆಳೆಯುವುದಿಲ್ಲ.

5 ವ್ಯಾಟ್ ಸಾಲದು ಎಂಬ ಮಾತಿಗೂ ಒಂದು ಲೆಕ್ಕ. 100 ವ್ಯಾಟಿಗೂ 5 ವ್ಯಾಟಿಗೂ ನಡುವಿನ ಅಂತರ 13 ಡೆಸಿಬೆಲ್, ಎರಡು ಎಸ್ ಯುನಿಟ್‌ಗಿಂತ ಸ್ವಲ್ಪ ಹೆಚ್ಚು. 100 ವ್ಯಾಟಿನವರು ಎಸ್9 ಆಗಿ ಕೇಳಿಸುವ ದಾರಿಯಲ್ಲಿ ನೀವು ಎಸ್7ರ ಆಸುಪಾಸಿನಲ್ಲಿ ಕೇಳಿಸಬೇಕು. ಎಸ್7 ಸಿಡಬ್ಲ್ಯೂ ಸಂಕೇತ ಕಿವಿಗೆ ರಾಚುತ್ತದೆ. ಒಬ್ಬರಲ್ಲ ಇಬ್ಬರಲ್ಲ, ಯಾರೂ ಉತ್ತರಿಸುತ್ತಿಲ್ಲ ಎಂದರೆ ಪವರ್ ಕಡಿಮೆ ಎಂಬ ಕಾರಣ ನನಗೆ ಒಪ್ಪಿಗೆಯಾಗುವುದಿಲ್ಲ.

ಮೊದಲು ಆಂಟೆನಾ ಕಳಚಿ ರೇಡಿಯೋವನ್ನು ಒಂಟಿಯಾಗಿ ಪರೀಕ್ಷಿಸಿ. ಎರಡು 100 ಓಮ್, 3 ವ್ಯಾಟ್ ರೆಸಿಸ್ಟರ್‌ಗಳನ್ನು ಪ್ಯಾರಲೆಲ್ ಆಗಿ ಜೋಡಿಸಿದರೆ ಆಂಟೆನಾದ ಬದಲಿಗೆ ಪವರ್ ನುಂಗುವ 50 ಓಮಿನ ಡಮ್ಮಿ ಲೋಡ್ ಸಿದ್ಧ. ತಂತಿ ಸುತ್ತಿದ ರೆಸಿಸ್ಟರ್ ಬೇಡ, ಅದು ಸುರುಳಿಯಂತೆಯೂ ವರ್ತಿಸಿ ಲೆಕ್ಕ ಕೆಡಿಸುತ್ತದೆ. ಲೋಡಿನ ಬಿಸಿ ತುದಿಯಿಂದ 1ಎನ್4148 ಡಯೋಡ್, ಅದರಾಚೆ ನೆಲಕ್ಕೆ 10 ನ್ಯಾನೋಫ್ಯಾರಡ್ ಕೆಪಾಸಿಟರ್. ಕೆಪಾಸಿಟರ್ ಮೇಲೆ ಮಲ್ಟಿಮೀಟರ್ ಇಟ್ಟು ಡಿಸಿ ವೋಲ್ಟೇಜ್ ಅಳೆಯಿರಿ. ಅದಕ್ಕೆ ಡಯೋಡಿನ ಪಾಲು 0.6 ಕೂಡಿಸಿ, ವರ್ಗ ಮಾಡಿ, 100ರಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. ಮೋರ್ಸ್ ಕೀಯನ್ನು ಕೆಲವೇ ಸೆಕೆಂಡು ಒತ್ತಿ. ಒತ್ತಿರುವಾಗ ಬ್ಯಾಟರಿಯ ವೋಲ್ಟೇಜ್ ರೇಡಿಯೋದ ಬುಡದಲ್ಲಿ ಎಷ್ಟಿದೆ ಎಂಬುದನ್ನೂ ನೋಡಿ. ತೆಳು ತಂತಿ ಬಳಸಿದವರು ಅಲ್ಲೇ ಒಂದು ವೋಲ್ಟ್ ಕಳೆದುಕೊಂಡಿರುತ್ತಾರೆ.

ಹೊಸಕಿವಿ

ಅಳೆದೆ. ಮೀಟರ್ 20.4 ವೋಲ್ಟ್ ತೋರಿಸಿತು. 0.6 ಕೂಡಿಸಿದರೆ 21, ವರ್ಗ 441, ಅಂದರೆ 4.4 ವ್ಯಾಟ್. ಬ್ಯಾಟರಿ 12.5ರಿಂದ 11.9ಕ್ಕೆ ಇಳಿಯಿತು. ಟ್ರಾನ್ಸಿಸ್ಟರ್‌ಗಳು ಬೆಚ್ಚಗಾಗುತ್ತವೆ, ಸುಡುವುದಿಲ್ಲ.

ತಂತಿಮರ

ಅಂತಿಮ ಹಂತ ಚೆನ್ನಾಗಿಯೇ ಇದೆ, ಮುಟ್ಟಬೇಡಿ. ಅದೇ ಡೈಪೋಲಿನಲ್ಲಿ ದೂರದವರು ಕೇಳಿಸುತ್ತಿರುವುದರಿಂದ ಆಂಟೆನಾದ ಮೇಲೂ ನನಗೆ ಅನುಮಾನವಿಲ್ಲ. ಬರುವ ದಾರಿಯೇ ಹೋಗುವ ದಾರಿ.

ಇನ್ನೊಂದು ಪ್ರಶ್ನೆ. ನೀವೇ ಸಿಕ್ಯೂ ಕೂಗಿದಾಗ ಏನಾಗುತ್ತದೆ?

ಹೊಸಕಿವಿ

ನಾನು ಸಿಕ್ಯೂ ಕೂಗಿಯೇ ಇಲ್ಲ. ಮೋರ್ಸ್ ಇನ್ನೂ ನಿಧಾನ. ಯಾರಾದರೂ ವೇಗವಾಗಿ ಉತ್ತರಿಸಿದರೆ ಬರೆದುಕೊಳ್ಳಲಾಗುವುದಿಲ್ಲ ಎಂಬ ಅಂಜಿಕೆ. ಬೇರೆಯವರ ಸಿಕ್ಯೂಗೆ ಉತ್ತರಿಸುವುದಷ್ಟೇ.

ತಂತಿಮರ

ಹಾಗಾದರೆ ಇವತ್ತು ಕೂಗಿ. 7.030ರ ಸುತ್ತ ಖಾಲಿ ಜಾಗ ನೋಡಿಕೊಳ್ಳಿ. ಕಡಿಮೆ ಪವರಿನವರು ಒಬ್ಬರನ್ನೊಬ್ಬರು ಹುಡುಕುವ ಜಾಗ ಅದು. ಮೊದಲು ಜಾಗ ಖಾಲಿಯೇ ಎಂದು ಕೇಳಿ, ನಂತರ ಸಿಕ್ಯೂ ಸಿಕ್ಯೂ ಡಿಇ (ಡಿಇ ಎಂದರೆ ‘ಇವರಿಂದ’) ಎಂದು ನಿಮ್ಮ ಕರೆಸಂಕೇತವನ್ನು ಎರಡು ಮೂರು ಸಲ, ಅಕ್ಷರಗಳ ನಡುವೆ ಅಂತರ ಬಿಟ್ಟು ಕಳುಹಿಸಿ. ಆಮೇಲೆ ರಿವರ್ಸ್ ಬೀಕನ್ ನೆಟ್‌ವರ್ಕ್‌ನಲ್ಲಿ ನಿಮ್ಮ ಕರೆಸಂಕೇತ ಹುಡುಕಿ. ಅಲ್ಲಿ ಜಗತ್ತಿನಾದ್ಯಂತ ತಮ್ಮ ಪಾಡಿಗೆ ಬ್ಯಾಂಡನ್ನು ಆಲಿಸುವ ರಿಸೀವರ್‌ಗಳಿವೆ. ಸಿಕ್ಯೂ ಕೇಳಿಸಿದರೆ ಯಾವ ಆವರ್ತನ, ಗದ್ದಲಕ್ಕಿಂತ ಎಷ್ಟು ಡೆಸಿಬೆಲ್ ಮೇಲೆ, ಯಾವ ವೇಗ ಎಂಬುದನ್ನು ದಾಖಲಿಸುತ್ತವೆ. ಅವುಗಳಿಗೆ ದಾಕ್ಷಿಣ್ಯವೂ ಇಲ್ಲ, ಸೋಮಾರಿತನವೂ ಇಲ್ಲ.

ಹೊಸಕಿವಿ

ನಂಬಲಾಗುತ್ತಿಲ್ಲ. ಹಲವು ರಿಸೀವರ್‌ಗಳು ನನ್ನನ್ನು ದಾಖಲಿಸಿವೆ, ಒಂದರಲ್ಲಿ 19 ಡೆಸಿಬೆಲ್! ಡಿಸ್ಪ್ಲೇಯಲ್ಲಿ 7030.0 ಇತ್ತು, ಅಲ್ಲಿಯೂ 7030.0 ಎಂದೇ ಬಂದಿದೆ. ಅಷ್ಟೇ ಅಲ್ಲ, ಒಬ್ಬರು ಉತ್ತರಿಸಿಯೂ ಬಿಟ್ಟರು. ಗಾಬರಿಯಲ್ಲಿ ಅವರ ಹೆಸರು ಬರೆದುಕೊಳ್ಳಲಾಗಲಿಲ್ಲ, ವರದಿ 559 (ಸ್ಪಷ್ಟತೆ 5, ಬಲ 5, ಸ್ವರ 9) ಎಂಬುದು ಮಾತ್ರ ಸಿಕ್ಕಿತು.

ಸಂತೋಷದಿಂದ ಕೂಡಲೇ ಬೇರೆ ಮೂವರ ಸಿಕ್ಯೂಗೆ ಉತ್ತರಿಸಿದೆ. ಮತ್ತೆ ಅದೇ ಮೌನ. ಈಗ ನನಗೆ ಏನೂ ಅರ್ಥವಾಗುತ್ತಿಲ್ಲ.

ಬಿಸಿಸಿಂಕ್

ಎಸ್‌ಐ5351ಕ್ಕೆ ಜೋಡಿಸಿದ 25 ಮೆಗಾಹರ್ಟ್ಸ್ ಕ್ರಿಸ್ಟಲ್ ಸರಿಯಿಲ್ಲದಿರಬಹುದು. ಅಗ್ಗದ ಕಿಟ್‌ಗಳಲ್ಲಿ ಅದು ಮೊದಲಿನಿಂದಲೇ ಸ್ವಲ್ಪ ಆಚೀಚೆ ಇರುತ್ತದೆ.

ತಂತಿಮರ

ಕ್ರಿಸ್ಟಲ್ ಹತ್ತು ಲಕ್ಷಕ್ಕೆ 20 ಪಾಲು ತಪ್ಪಿದ್ದರೂ 7 ಮೆಗಾಹರ್ಟ್ಸ್‌ನಲ್ಲಿ ಅದು 140 ಹರ್ಟ್ಸ್ ಮಾತ್ರ. ಮೇಲಾಗಿ ಡಿಸ್ಪ್ಲೇ ಹೇಳಿದ್ದೂ ನೆಟ್‌ವರ್ಕ್ ಹೇಳಿದ್ದೂ ಒಂದೇ. ಕ್ರಿಸ್ಟಲನ್ನು ಬಿಟ್ಟುಬಿಡೋಣ.

ಈಗ ಸಮಸ್ಯೆ ತಾನಾಗಿ ಕಿರಿದಾಗಿದೆ. ನೀವು ಕರೆದರೆ ಬರುತ್ತಾರೆ, ಅವರು ಕರೆದಾಗ ನೀವು ಹೋದರೆ ಕಾಣುವುದಿಲ್ಲ. ನೀವು ಕರೆಯುವಾಗ ಆವರ್ತನವನ್ನು ಹೊಂದಿಸಿಕೊಳ್ಳುವ ಹೊಣೆ ಅವರದು. ಅವರು ಕರೆಯುವಾಗ ಆ ಹೊಣೆ ನಿಮ್ಮದು.

ಹೊಸಕಿವಿಯವರೇ, ಬ್ಯಾಂಡಿನಲ್ಲಿ ಹುಡುಕುವಾಗ ಗುಂಡಿಯನ್ನು ಯಾವ ಕಡೆಯಿಂದ ತಿರುಗಿಸುತ್ತೀರಿ? ಕೆಳಗಿನಿಂದ ಮೇಲಕ್ಕೋ, ಮೇಲಿನಿಂದ ಕೆಳಕ್ಕೋ?

ಹೊಸಕಿವಿ

ಮೇಲಿನಿಂದ ಕೆಳಕ್ಕೆ. ಸ್ವಿಚ್ ಹಾಕಿದಾಗ ರೇಡಿಯೋ 7.040ರಲ್ಲಿ ನಿಲ್ಲುತ್ತದೆ, ಅಲ್ಲಿಂದ ನಿಧಾನವಾಗಿ ಇಳಿಯುತ್ತಾ ಬರುತ್ತೇನೆ. ಯಾರಾದರೂ ಸಿಕ್ಕಿ ಸ್ವರ ಕಿವಿಗೆ ಹಿತವಾದ ಕೂಡಲೇ ನಿಲ್ಲಿಸುತ್ತೇನೆ. ಇದಕ್ಕೂ ಅದಕ್ಕೂ ಏನು ಸಂಬಂಧ?

ತಂತಿಮರ

ಸಂಬಂಧವೆಲ್ಲ ಇರುವುದೇ ಅಲ್ಲಿ.

ಡೈರೆಕ್ಟ್ ಕನ್ವರ್ಷನ್ ರಿಸೀವರ್ ಬರುವ ಸಂಕೇತವನ್ನು ತನ್ನದೇ ಆಂದೋಲಕದೊಂದಿಗೆ ಬೆರೆಸುತ್ತದೆ. ಎರಡರ ನಡುವಿನ ವ್ಯತ್ಯಾಸವೇ ನಿಮಗೆ ಕೇಳಿಸುವ ಸ್ವರ. ವ್ಯತ್ಯಾಸ 600 ಹರ್ಟ್ಸ್ ಇದ್ದರೆ 600 ಹರ್ಟ್ಸ್ ಸ್ವರ. ಆದರೆ ಆಂದೋಲಕ ಸಂಕೇತಕ್ಕಿಂತ 600 ಕೆಳಗಿದ್ದರೂ ಅದೇ ಸ್ವರ, 600 ಮೇಲಿದ್ದರೂ ಅದೇ ಸ್ವರ. ಒಂದೇ ನಿಲ್ದಾಣ ಗುಂಡಿಯ ಮೇಲೆ ಎರಡು ಕಡೆ ಸಿಗುತ್ತದೆ, ನಡುವೆ ಶ್ರುತಿ ಸೊನ್ನೆಗೆ ಇಳಿದು ಮತ್ತೆ ಏರುತ್ತದೆ. ದೊಡ್ಡ ಸೂಪರ್‌ಹೆಟ್ ರೇಡಿಯೋಗಳಲ್ಲಿ ಕ್ರಿಸ್ಟಲ್ ಫಿಲ್ಟರ್ ಒಂದು ಕಡೆಯನ್ನು ಅಳಿಸಿಹಾಕುವುದರಿಂದ ಅಲ್ಲಿ ಈ ಗೊಂದಲವಿಲ್ಲ.

ನಿಮ್ಮ ಕಿಟ್ ಡಿಸ್ಪ್ಲೇಯಲ್ಲಿ ತೋರಿಸುವುದು ಪ್ರಸಾರದ ಆವರ್ತನ. ಕೇಳುವಾಗ ಅದು ಆಂದೋಲಕವನ್ನು 600 ಹರ್ಟ್ಸ್ ಕೆಳಕ್ಕೆ ಸರಿಸಿ, ಕೀ ಒತ್ತಿದಾಗ ಮತ್ತೆ ಮೇಲಕ್ಕೆ ತರುತ್ತದೆ ಎಂದುಕೊಳ್ಳೋಣ. ಒಬ್ಬರು ಸರಿಯಾಗಿ 7030.0ರಲ್ಲಿ ಕರೆಯುತ್ತಿದ್ದಾರೆ. ಕೆಳಗಿನಿಂದ ಬಂದರೆ ನಿಮ್ಮ ಆಂದೋಲಕ 7029.4ರಲ್ಲಿ ಹಿತವಾದ ಸ್ವರ ಕೊಡುತ್ತದೆ, ಕೀ ಒತ್ತಿದರೆ 7030.0. ಅವರ ತಲೆಯ ಮೇಲೇ ಇರುತ್ತೀರಿ. ಮೇಲಿನಿಂದ ಬಂದರೆ ಅದೇ ಸ್ವರ 7030.6ರಲ್ಲಿ ಮೊದಲು ಸಿಗುತ್ತದೆ, ನೀವು ಅಲ್ಲೇ ನಿಲ್ಲಿಸುತ್ತೀರಿ, ಕೀ ಒತ್ತಿದರೆ 7031.2. ಅವರಿಂದ 1200 ಹರ್ಟ್ಸ್ ದೂರ. ಅವರು 500 ಹರ್ಟ್ಸ್ ಫಿಲ್ಟರ್ ಹಾಕಿ ಕುಳಿತಿದ್ದರೆ ನೀವು 5 ವ್ಯಾಟ್ ಹಾಕಿದರೂ ಒಂದೇ, 500 ಹಾಕಿದರೂ ಒಂದೇ. ಪಕ್ಕದ ಬೀದಿಯಲ್ಲಿ ನಿಂತು ಬಾಗಿಲು ತಟ್ಟಿದ ಹಾಗೆ.

ನೀವು ಯಾವಾಗಲೂ ಮೇಲಿನಿಂದಲೇ ಇಳಿಯುವುದರಿಂದ ಪ್ರತಿ ಸಲವೂ ತಪ್ಪು ಬದಿಯಲ್ಲೇ ನಿಲ್ಲುತ್ತೀರಿ. ಆಗೊಮ್ಮೆ ಈಗೊಮ್ಮೆ ದಿಕ್ಕು ಬದಲಿಸುವವರಿಗೆ ಅರ್ಧದಷ್ಟು ಸಲವಾದರೂ ಉತ್ತರ ಬರುತ್ತದೆ. ಅವರು ಅದನ್ನು ವಾತಾವರಣದ ಗುಣ ಎಂದುಕೊಂಡು ಸುಮ್ಮನಾಗುತ್ತಾರೆ. ನಿಮ್ಮ ಶಿಸ್ತೇ ಇಲ್ಲಿ ದೋಷವನ್ನು ಬಯಲಿಗೆ ತಂದಿದೆ.

ಖಚಿತಪಡಿಸಿಕೊಳ್ಳುವುದು ಸುಲಭ. ಸಿಕ್ಯೂ ಕೂಗುತ್ತಿರುವ ಒಬ್ಬರನ್ನು ಎಂದಿನಂತೆ ಹಿಡಿದು, ರಿವರ್ಸ್ ಬೀಕನ್‌ನಲ್ಲಿ ಅವರ ಆವರ್ತನವನ್ನು ನಿಮ್ಮ ಡಿಸ್ಪ್ಲೇಯೊಂದಿಗೆ ಹೋಲಿಸಿ. ಕಣ್ಣಾರೆ ನೋಡಬೇಕೆಂದರೆ ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿರುವಂಥ ವೆಬ್ ರಿಸೀವರ್ ತೆರೆಯಿರಿ. ನಿಮ್ಮ ಸಂಕೇತ ಅಲ್ಲಿಗೆ ತಲುಪುತ್ತಿದ್ದರೆ ಸಂಕೇತಗಳನ್ನು ಗೆರೆಗಳಾಗಿ ತೋರಿಸುವ ಜಲಪಾತದ ಚಿತ್ರದಲ್ಲಿ ಅವರ ಗೆರೆಯೂ ನಿಮ್ಮ ಗೆರೆಯೂ ಅಕ್ಕಪಕ್ಕ ಕಾಣುತ್ತವೆ.

ನಲವತ್ತುಮೀಟರ್

ಒಂದು ಸೇರ್ಪಡೆ. ಎಲ್ಲ ಕಿಟ್‌ಗಳೂ ಆಂದೋಲಕವನ್ನು ಕೆಳಕ್ಕೇ ಸರಿಸುವುದಿಲ್ಲ, ಕೆಲವು ಮೇಲಕ್ಕೆ ಸರಿಸುತ್ತವೆ. ಆಗ ಸರಿಯಾದ ಬದಿಯೂ ತಲೆಕೆಳಗಾಗುತ್ತದೆ. ಇನ್ನು ಕೆಲವು ತೀರಾ ಸರಳ ಕಿಟ್‌ಗಳಲ್ಲಿ ಸರಿಸುವ ಏರ್ಪಾಟೇ ಇಲ್ಲ, ಅಲ್ಲಿ ಎರಡೂ ಬದಿ 600 ಹರ್ಟ್ಸ್ ತಪ್ಪು. ಆದ್ದರಿಂದ ಒಮ್ಮೆ ಹೋಲಿಸಿ ನೋಡಿ, ನಿಮ್ಮ ರೇಡಿಯೋದ ಸ್ವಭಾವವನ್ನು ಚೀಟಿಯಲ್ಲಿ ಬರೆದು ಅದರ ಮೇಲೇ ಅಂಟಿಸಿ. ಕೆಳಕ್ಕೆ ಸರಿಸುವ ಕಿಟ್ ಆದರೆ, ಗುಂಡಿಯನ್ನು ಮೇಲಕ್ಕೆ ತಿರುಗಿಸಿದಾಗ ಶ್ರುತಿ ಇಳಿಯುವ ಬದಿಯೇ ಸರಿ.

ಆರ್‌ಐಟಿ (ಕೇಳುವ ಆವರ್ತನವನ್ನು ಮಾತ್ರ ಸರಿಸುವ ಗುಂಡಿ) ಇದ್ದರೆ ಅದು ಸೊನ್ನೆಯಲ್ಲಿದೆಯೇ ಎಂದೂ ನೋಡಿಕೊಳ್ಳಿ.

ಹೊಸಕಿವಿ

ಹೋಲಿಸಿದೆ. ನೆಟ್‌ವರ್ಕ್‌ನಲ್ಲಿ 7026.0 ಎಂದಿದ್ದ ನಿಲ್ದಾಣ ಮೇಲಿನಿಂದ ಇಳಿದಾಗ ನನ್ನ ಡಿಸ್ಪ್ಲೇಯಲ್ಲಿ 7027.2ರಲ್ಲಿ ಸಿಕ್ಕಿತು. ಹಾಗೆಯೇ ಇಳಿಸುತ್ತಾ ಹೋದೆ. ಶ್ರುತಿ ಗುಡುಗಿನಂತೆ ಕೆಳಗಿಳಿದು ಮಾಯವಾಯಿತು, ಮತ್ತೆ ಏರಿತು, 7026.0ರಲ್ಲಿ ಮೊದಲಿನ ಸ್ವರವೇ ಬಂತು. ಅಲ್ಲಿಂದ ಕರೆದೆ. ತಕ್ಷಣ ಉತ್ತರ! ಈ ಸಲ ಹೆಸರೂ ಸಿಕ್ಕಿತು. ಜೋಡಣೆಯ ಕೈಪಿಡಿಯಲ್ಲಿ ಈ ವಿಷಯ ಒಂದು ಸಾಲೂ ಇಲ್ಲ.

ಎಲ್ಲರಿಗೂ ಧನ್ಯವಾದಗಳು. ಇದೇ ಎಳೆಯಲ್ಲಿ ಇನ್ನೊಂದು ಕೇಳಲೇ? ಕತ್ತಲಾದ ಮೇಲೆ ಹಿನ್ನೆಲೆಯಲ್ಲಿ ಯಾವುದೋ ರೇಡಿಯೋ ನಿಲ್ದಾಣದ ಸಂಗೀತ ಬರುತ್ತದೆ. ಗುಂಡಿ ಎಲ್ಲಿಗೆ ತಿರುಗಿಸಿದರೂ ಅದು ಹೋಗುವುದಿಲ್ಲ.

ನಲವತ್ತುಮೀಟರ್

ಅದೂ ಡೈರೆಕ್ಟ್ ಕನ್ವರ್ಷನ್ನಿನ ಹುಟ್ಟುಗುಣ. ಬ್ಯಾಂಡಿನ ನೆರೆಯಲ್ಲಿರುವ ಪ್ರಬಲ ಪ್ರಸಾರ ನಿಲ್ದಾಣಗಳ ಸಂಕೇತ, ಬೆರೆಸುವ ಹಂತವಾದ ಮಿಕ್ಸರನ್ನು ತುಂಬಿಸಿ, ಆಂದೋಲಕದ ನೆರವಿಲ್ಲದೆಯೇ ಧ್ವನಿಯಾಗಿ ಮಾರ್ಪಡುತ್ತದೆ. ಗುಂಡಿಗೆ ಜಗ್ಗದಿರುವುದು ಅದಕ್ಕೇ. ರಿಸೀವರ್‌ಗೆ ಹೋಗುವ ಸಂಕೇತವನ್ನು 10 ಡೆಸಿಬೆಲ್ ತಗ್ಗಿಸಿದರೆ ಸಾಮಾನ್ಯವಾಗಿ ಸಾಕು. 40 ಮೀಟರ್‌ನಲ್ಲಿ ರಾತ್ರಿಯ ಹಿನ್ನೆಲೆ ಗದ್ದಲ ಹೇಗೂ ಜೋರಾಗಿರುವುದರಿಂದ ಕೇಳಬೇಕಾದವರು ಕಳೆದುಹೋಗುವುದಿಲ್ಲ. ನೆಲಕ್ಕೆ 100 ಓಮ್, ದಾರಿಯಲ್ಲಿ 68 ಓಮ್, ಆಚೆ ಮತ್ತೆ ನೆಲಕ್ಕೆ 100 ಓಮ್. ಮೂರೇ ರೆಸಿಸ್ಟರ್‌ಗಳು.

ತಂತಿಮರ

ಅದನ್ನು ಆಂಟೆನಾ ಸಾಕೆಟ್‌ನಲ್ಲಿ ಮಾತ್ರ ಹಾಕಬೇಡಿ! ಅಲ್ಲಿ ಹಾಕಿದರೆ ನಿಮ್ಮ 4.4 ವ್ಯಾಟಿನ ಹತ್ತರಲ್ಲಿ ಒಂಬತ್ತು ಪಾಲು ರೆಸಿಸ್ಟರ್‌ಗಳನ್ನು ಕಾಯಿಸುವುದಕ್ಕೇ ಹೋಗುತ್ತದೆ. ಕಳುಹಿಸುವ ಮತ್ತು ಕೇಳುವ ದಾರಿಗಳು ಬೇರೆಯಾಗುವ ಸ್ವಿಚ್ ದಾಟಿದ ಮೇಲೆ, ರಿಸೀವರಿನ ಬಾಯಿಯಲ್ಲಿ ಹಾಕಿ. ಬೋರ್ಡಿನ ಫೋಟೋ ಹಾಕಿದರೆ ಎಲ್ಲಿ ಕತ್ತರಿಸಬೇಕು ಎಂದು ಗುರುತು ಮಾಡಿ ಕೊಡುತ್ತೇನೆ.