ಕಾಗದದ ಬೆಟ್ಟಸಾಲು ಬೆಳಗಾಗುವಷ್ಟರಲ್ಲಿ ದೋಣಿಯಂತೆ ಬಾಗಿದೆ, ಏನು ಮಾಡಲಿ?

ಬೆಟ್ಟದಮ್ಮ:
ಮಕ್ಕಳಿಬ್ಬರನ್ನು (6 ಮತ್ತು 9 ವರ್ಷ) ಕೂರಿಸಿಕೊಂಡು ಎ4 ಅಳತೆಯಲ್ಲಿ ಬೆಟ್ಟಸಾಲು ಮಾಡಿದೆ. ಹಿಂದೆ ತೆಳು ರಟ್ಟು, ಅದರ ಮೇಲೆ ಆಕಾಶ, ಮುಂದೆ ನಾಲ್ಕು ಸಾಲು ಬೆಟ್ಟ. ಎಲ್ಲ ಮಾಮೂಲಿ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಬಣ್ಣದ ಹಾಳೆ, ಬಿಳಿ ಗೋಂದು. ರಾತ್ರಿ ಚೆನ್ನಾಗೇ ಇತ್ತು. ಬೆಳಗ್ಗೆ ನೋಡಿದರೆ ಇಡೀ ಚಿತ್ರ ಬಾಗಿದೆ, ಅಲ್ಲಲ್ಲಿ ಗುಳ್ಳೆ. ಸಾಲದ್ದಕ್ಕೆ ಬೆಟ್ಟಗಳು ಒಂದರ ಹಿಂದೊಂದು ನಿಂತ ಹಾಗೆ ಕಾಣುವುದೇ ಇಲ್ಲ, ಗೋಡೆಗೆ ಪಟ್ಟೆ ಬಳಿದಂತಿದೆ. ಚಿಕ್ಕವಳು "ಬೆಟ್ಟಕ್ಕೆ ಜ್ವರ" ಅಂತ ಅದಕ್ಕೆ ಕರ್ಚೀಫು ಹೊದಿಸಿದ್ದಾಳೆ. ಇದನ್ನು ಉಳಿಸಿಕೊಳ್ಳಬಹುದಾ?

ಕತ್ತರಿಮಾಮ:
ಗೋಂದು ಜಾಸ್ತಿಯಾಗಿದೆ, ಅಷ್ಟೇ. ದಪ್ಪ ಪುಸ್ತಕ ಹೇರಿ ಒಂದು ರಾತ್ರಿ ಬಿಡಿ.

ಬೆಟ್ಟದಮ್ಮ:
ಹೇರಿ ನೋಡಿದೆ ಸರ್. ತೆಗೆದ ಅರ್ಧ ಗಂಟೆಗೆ ಮತ್ತೆ ಅದೇ ಕಥೆ. ಒಂದು ವಿಚಿತ್ರ: ಕೊನೆಯ ಬೆಟ್ಟವನ್ನು ಗ್ಲೂ ಸ್ಟಿಕ್‌ನಲ್ಲಿ ಅಂಟಿಸಿದ್ದೆ, ಅದರಲ್ಲಿ ಮಾತ್ರ ಗುಳ್ಳೆ ಎದ್ದಿಲ್ಲ.

ಹಾಳೆಹುಳು:
ಮೇಡಂ, ಉತ್ತರ ನಿಮ್ಮ ಕೊನೆಯ ಸಾಲಲ್ಲೇ ಇದೆ. ಬಿಳಿ ಗೋಂದಿನಲ್ಲಿ ನೀರು ಬಹಳ. ನೀರು ಕುಡಿದ ಕಾಗದದ ನಾರು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಅಂಟಿಕೊಂಡ ಮೇಲೆ ಕುಗ್ಗಿದರೆ ಹಿಂದಿನ ರಟ್ಟನ್ನೂ ಎಳೆದುಕೊಂಡೇ ಬಾಗುತ್ತದೆ. ಪುಸ್ತಕ ಹೇರಿದರೆ ಈ ಎಳೆತ ಹೋಗುವುದಿಲ್ಲ.

ಇನ್ನೊಂದು ಮರ್ಮ ನಾರಿನ ದಿಕ್ಕಿನದು. ಯಂತ್ರದಲ್ಲಿ ಹಾಳೆ ತಯಾರಾಗುವಾಗ ನಾರುಗಳು ಹೆಚ್ಚಾಗಿ ಒಂದೇ ಕಡೆಗೆ ಮಲಗುತ್ತವೆ; ಅವು ಉಬ್ಬುವುದು ಉದ್ದಕ್ಕಲ್ಲ, ಅಡ್ಡಕ್ಕೆ. ಒಂದು ಹಾಳೆ ಹೀಗೆ, ಒಂದು ಹಾಗೆ ಅಂಟಿಸಿದರೆ ಒಂದಕ್ಕೊಂದು ಜಗಳ. ಪತ್ತೆ ಹಚ್ಚುವುದು ಸುಲಭ: ಹಾಳೆಯನ್ನು ಮಡಿಕೆ ಬೀಳದ ಹಾಗೆ ಬಾಗಿಸಿ ಅಂಗೈಯಿಂದ ಮೆಲ್ಲಗೆ ಒತ್ತಿ. ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ಬಾಗಿನ ಗೆರೆಯೇ ನಾರಿನ ದಿಕ್ಕು. ಎಲ್ಲ ಪದರ, ಹಿಂದಿನ ರಟ್ಟು ಸಮೇತ, ಒಂದೇ ದಿಕ್ಕಿಗಿರಲಿ. ಮಕ್ಕಳಿಗೆ ಈ ಪರೀಕ್ಷೆ ಕತ್ತರಿಸುವುದಕ್ಕಿಂತ ಇಷ್ಟವಾಗುತ್ತದೆ, ನಮ್ಮ ಮನೆಯ ಅನುಭವ.

ಈಗಿರುವುದಕ್ಕೆ ರಟ್ಟಿನ ಬೆನ್ನಿಗೆ ಅದೇ ಹಾಳೆ, ಅದೇ ಗೋಂದಿನಲ್ಲಿ ಅಂಟಿಸಿ ಪುಸ್ತಕ ಹೇರಿ. ಹಿಂದಿನಿಂದಲೂ ಎಳೆತ ಬಿದ್ದು ಬಾಗು ಇಳಿಯಬೇಕು. ಗುಳ್ಳೆ ಹೋಗುವುದಿಲ್ಲ, ಅಲ್ಲೊಂದು ಮೋಡ ಅಂಟಿಸಿಬಿಡಿ.

ಪಟ್ಟೆಯಂತೆ ಕಾಣುವುದಕ್ಕೆ ಕಾರಣ ನಡುವೆ ಸಂದಿಲ್ಲದಿರುವುದು. ಮುಂದಿನ ಸಲ 160ರಿಂದ 200 ಜಿಎಸ್‌ಎಂ ಹಾಳೆ ತನ್ನಿ, ಪ್ರತಿ ಪದರದ ಹಿಂದೆ 2–3 ಮಿಮೀ ದಪ್ಪದ ಫೋಮ್ ಟೇಪ್ (ಎರಡೂ ಬದಿ ಅಂಟುವ ಸ್ಪಂಜಿನಂಥ ಪಟ್ಟಿ) ಇಡಿ. ಹಳೇ ರಟ್ಟಿನ ಡಬ್ಬದಿಂದ ಕತ್ತರಿಸಿದ ಪಟ್ಟಿಯೂ ಆದೀತು. ಬೆಟ್ಟದ ಅಂಚಿಗಿಂತ 1 ಸೆಂಮೀ ಕೆಳಗಿಟ್ಟರೆ ಕಾಣುವುದಿಲ್ಲ. ಪಕ್ಕದಿಂದ ಬೆಳಕು ಬಿದ್ದರೆ ಪ್ರತಿ ಬೆಟ್ಟದ ನೆರಳು ಹಿಂದಿನದರ ಮೇಲೆ ಬೀಳುತ್ತದೆ, ಆಳ ಬರುವುದೇ ಅದರಿಂದ.

ಬಣ್ಣದಬುಟ್ಟಿ:
ಬಣ್ಣ ಯಾವ ಕ್ರಮದಲ್ಲಿತ್ತು? ದೂರದ ಬೆಟ್ಟ ಮಸುಕಾಗಿ, ನೀಲಿಯಾಗಿ ಕಾಣುವುದು ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ. ಹಾಗಾಗಿ ಹಿಂದೆ ತೆಳು, ಮುಂದೆ ಗಾಢ.

ಬೆಟ್ಟದಮ್ಮ:
ಅಯ್ಯೋ, ನಾವು ಉಲ್ಟಾ ಮಾಡಿದ್ದೆವು! ಕಡುನೀಲಿ ಎಲ್ಲಕ್ಕಿಂತ ಹಿಂದೆ. ಬಿಳಿ ಹಾಳೆಗೆ ನಾವೇ ಬಣ್ಣ ಬಳಿಯಬಹುದಾ?

ಬಣ್ಣದಬುಟ್ಟಿ:
ಧಾರಾಳವಾಗಿ. ಒಂದೇ ನೀಲಿ ಸಾಕು, ಬಿಳಿ ಬಣ್ಣಕ್ಕೆ ಅದನ್ನು ಹಿಂದಿನ ಪದರದಿಂದ ಮುಂದಿನದಕ್ಕೆ ಹೆಚ್ಚೆಚ್ಚು ಬೆರೆಸುತ್ತಾ ಹೋಗಿ. ಬಣ್ಣದಲ್ಲೂ ನೀರಿದೆ, ನೆನಪಿರಲಿ: ಇಡೀ ಹಾಳೆಗೆ ಬಳಿದು, ಪೂರ್ತಿ ಒಣಗಿದ ಮೇಲೇ ಕತ್ತರಿ. ಚಿಕ್ಕವಳಿಗೆ ಕತ್ತರಿ ಕಷ್ಟವಾದರೆ ಕೈಯಲ್ಲೇ ಹರಿಯಲಿ. ಹರಿದ ಅಂಚಲ್ಲಿ ಕಾಗದದ ಬಿಳಿ ಇಣುಕಿ ಮಂಜಿನ ಹಾಗೆ ಕಾಣುತ್ತದೆ.

ಬೆಟ್ಟದಮ್ಮ (ನಾಲ್ಕು ದಿನದ ಮೇಲೆ):
ಹೊಸದು ನೆಟ್ಟಗೆ ನಿಂತಿದೆ. ಹರಿದ ಅಂಚಿನದೇ ಎಲ್ಲಕ್ಕಿಂತ ಚೆಂದ, ದೊಡ್ಡವನಿಗೆ ಹೊಟ್ಟೆಕಿಚ್ಚು. ಹಳೆಯದಕ್ಕೆ ಬೆನ್ನ ಹಾಳೆ ಅಂಟಿಸಿದೆ, ಒಂದು ಮೂಲೆ ಬಿಟ್ಟರೆ ಬಾಗು ಇಳಿದಿದೆ. ಆ ಮೂಲೆಗೆ ಕರ್ಚೀಫು ಇನ್ನೂ ಇದೆ.