ಕಾಂಡೋಮ್ ಹರಿದು ಹೋಗಿದೆ, ಪ್ರೆಗ್ನೆಂಟ್ ಆಗೋ ಚಾನ್ಸ್ ಎಷ್ಟಿರುತ್ತೆ? ಗೊತ್ತಿರೋರು ಬೇಗ ಹೇಳಿ

ಹೊಸಮನೆ_ಸೊಸೆ:
ಎಲ್ರಿಗೂ ನಮಸ್ಕಾರ. ಮದುವೆಯಾಗಿ ಇನ್ನೂ ವರ್ಷ ಆಗಿಲ್ಲ, ಹಾಸನದ ಹತ್ರ ಇದೀವಿ, ನಾನು ಬಿಎಡ್ ಲಾಸ್ಟ್ ಸೆಮ್, ಅದು ಮುಗಿಯೋವರೆಗೂ ಮಗು ಬೇಡ ಅಂತ ಇಬ್ರೂ ಮಾತಾಡ್ಕೊಂಡು ಪ್ರತಿ ಸಲ ಕಾಂಡೋಮ್ ಯೂಸ್ ಮಾಡ್ತೀವಿ. ನಿನ್ನೆ ರಾತ್ರಿ ಎಲ್ಲಾ ಮುಗಿದ್ಮೇಲೆ ನೋಡಿದ್ರೆ ತುದಿ ಹತ್ರ ಹರಿದಿತ್ತು, ಯಾವಾಗ ಹರೀತೋ ಇಬ್ರಿಗೂ ಗೊತ್ತಾಗಿಲ್ಲ. ಒಳ್ಳೆ ಕಂಪನಿದೇ, ಎಕ್ಸ್‌ಪೈರಿನೂ ಆಗಿಲ್ಲ. ನಂಗೆ ಉರಿ ಬರುತ್ತೆ ಅಂತ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಕೊಳ್ತೀವಿ, ಅಷ್ಟು ಬಿಟ್ರೆ ಬೇರೇನೂ ಇಲ್ಲ. ಪೀರಿಯಡ್ಸ್ ಶುರುವಾಗಿ ಇವತ್ತಿಗೆ 12ನೇ ದಿನ, ನಂದು ಸಾಮಾನ್ಯವಾಗಿ 28 ದಿನಕ್ಕೆ ಬರುತ್ತೆ.

ಗೂಗಲ್ ಮಾಡಿದ್ರೆ ಒಂದು ಕಡೆ 98% ಸೇಫ್ ಅಂತಿದೆ, ಇನ್ನೊಂದು ಕಡೆ 87% ಅಂತಿದೆ. ಅಂದ್ರೆ ನೂರು ಸಲದಲ್ಲಿ 13 ಸಲ ಪ್ರೆಗ್ನೆಂಟ್ ಆಗ್ತಾರಾ? ಬೆಳಗ್ಗೆಯಿಂದ ಕೈಕಾಲೇ ಆಡ್ತಿಲ್ಲ, ಅತ್ತೆ ಮನೇಲೇ ಇರೋದ್ರಿಂದ ಯಾರಿಗೂ ಫೋನ್ ಮಾಡೋಕೂ ಆಗ್ತಿಲ್ಲ. ಡೇಟ್ ಬರುತ್ತಾ ಅಂತ ಕಾದು ನೋಡೋದಾ? ಐ-ಪಿಲ್ ತಗೊಂಡ್ರೆ ಮುಂದೆ ಮಕ್ಳಾಗಲ್ಲ ಅಂತ ನಮ್ಮ ಕ್ಲಾಸಲ್ಲಿ ಒಬ್ಳು ಹೇಳ್ತಿದ್ಲು, ಅದೂ ಒಂದು ಭಯ.

ಸ್ಟಾಫ್‌ನರ್ಸ್_ತುಮಕೂರು:
ಕಾಯೋದು ಬೇಡಮ್ಮ. ಹರಿದಿದೆ ಅಂದ್ರೆ ಆ ಸಲಕ್ಕೆ ಕಾಂಡೋಮ್ ಹಾಕೇ ಇಲ್ಲ ಅಂತಲೇ ಲೆಕ್ಕ, 98, 87 ಎಲ್ಲಾ ಈಗ ಬಿಟ್ಟಾಕಿ. 28 ದಿನದ ಸೈಕಲ್‌ನಲ್ಲಿ 14ನೇ ದಿನದ ಆಸುಪಾಸು ಅಂಡ ಬಿಡುಗಡೆ ಆಗುತ್ತೆ, ವೀರ್ಯಾಣು ಒಳಗಡೆ 5 ದಿನದವರೆಗೂ ಬದುಕಿರಬಹುದು, ಹಾಗಾಗಿ ನೀವು ಹೇಳ್ತಿರೋ ದಿನ ಸೇಫ್ ಅಲ್ವೇ ಅಲ್ಲ. ಐ-ಪಿಲ್ ಅಥವಾ ಅನ್‌ವಾಂಟೆಡ್ 72, ಎರಡರಲ್ಲೂ ಇರೋದು ಲೆವೊನಾರ್ಜೆಸ್ಟ್ರೆಲ್ 1.5 ಮಿ.ಗ್ರಾಂ, ಒಂದೇ ಮಾತ್ರೆ, ಚೀಟಿ ಇಲ್ದೇನೇ ಮೆಡಿಕಲ್‌ನಲ್ಲಿ ಕೊಡ್ತಾರೆ. 72 ಗಂಟೆ ಅಂತ ಬರೆದಿದೆ ಅಂತ ನಾಳೆ ನಾಡಿದ್ದು ಅನ್ಬೇಡಿ, ಎಷ್ಟು ಬೇಗ ತಗೋತೀರೋ ಅಷ್ಟು ಒಳ್ಳೇದು, ಯಾಕಂದ್ರೆ ಅದು ಕೆಲ್ಸ ಮಾಡೋದೇ ಅಂಡ ಹೊರಗೆ ಬರೋದನ್ನ ಮುಂದಕ್ಕೆ ತಳ್ಳಿ, ಬಂದಾದ್ಮೇಲೆ ತಗೊಂಡ್ರೆ ಹೆಚ್ಚು ಪ್ರಯೋಜನ ಇಲ್ಲ.

ಮಕ್ಳಾಗಲ್ಲ ಅನ್ನೋದು ಶುದ್ಧ ಸುಳ್ಳು. ಈ ಮಾತು ಕೇಳ್ಕೊಂಡು ಎಷ್ಟು ಹೆಣ್ಮಕ್ಳು ಇರೋ ಟೈಮ್ ಕಳ್ಕೊಂಡು ಆಮೇಲೆ ಒದ್ದಾಡೋದನ್ನ ನೋಡಿದೀನಿ, ತುಂಬಾ ಸಂಕಟ ಆಗುತ್ತೆ. ಸ್ವಲ್ಪ ವಾಕರಿಕೆ, ತಲೆನೋವು ಬರಬಹುದು, ಡೇಟ್ ಹಿಂದೆಮುಂದೆ ಆಗಬಹುದು. ನುಂಗಿ 2 ಗಂಟೆ ಒಳಗೆ ವಾಂತಿ ಆದ್ರೆ ಮಾತ್ರ ಇನ್ನೊಂದು ತಗೋಬೇಕು. ಟಿಬಿಗೋ ಫಿಟ್ಸ್‌ಗೋ ಮಾತ್ರೆ ತಗೋತಿದ್ರೆ ಮೊದ್ಲೇ ಡಾಕ್ಟರಿಗೆ ಹೇಳಿ, ಕೆಲವು ಔಷಧಿ ಇದ್ರ ಪವರ್ ಕಡಿಮೆ ಮಾಡುತ್ತೆ. ಇದಕ್ಕಿಂತ ಗಟ್ಟಿ ದಾರಿ ಅಂದ್ರೆ 5 ದಿನದೊಳಗೆ ಕಾಪರ್-ಟಿ ಹಾಕಿಸ್ಕೊಳ್ಳೋದು, ಮಗು ಬೇಕು ಅನ್ಸಿದಾಗ ತೆಗೆಸಬಹುದು.

ಮೆಡಿಕಲ್_ಧಾರವಾಡ:
ಸಿಸ್ಟರ್ ಹೇಳಿದ್ದು ಖರೇ ಐತ್ರಿ, ಮೊದ್ಲ ಗುಳಿಗಿ ತಗೋರಿ. ನಾ ಹೇಳೂದು ಆ ಎಣ್ಣಿ ಬಗ್ಗೆ. ಅಕ್ಕಾರ, ಕಾಂಡೋಮ್ ಅಂದ್ರ ಲೇಟೆಕ್ಸ್, ರಬ್ಬರ್, ಅದಕ್ಕ ಎಣ್ಣಿ ಹತ್ತಿದ್ರ ನಿಮಿಷದಾಗ ಮೆತ್ತಗಾಗಿ ಬಲ ಕಳಕೊಂತೈತಿ, ಕಣ್ಣಿಗೆ ಏನೂ ಕಾಣೂದಿಲ್ಲ ಆದ್ರ ಎಳದ್ರ ಹರೀತೈತಿ. ಬೇಕಾರ ಒಂದು ಪುಗ್ಗಿ ಊದಿ ಮ್ಯಾಲೆ ಕೊಬ್ಬರಿ ಎಣ್ಣಿ ಸವರಿ ಇಟ್ಟು ನೋಡ್ರಿ. ಕೊಬ್ಬರಿ ಎಣ್ಣಿ ಅಷ್ಟ ಅಲ್ಲ, ವ್ಯಾಸಲಿನ್, ಬಾಡಿ ಲೋಷನ್, ಬೆಣ್ಣಿ ಯಾವುದೂ ಬ್ಯಾಡ. ಅಂಗಡ್ಯಾಗ ವಾಟರ್ ಬೇಸ್ಡ್ ಜೆಲ್ಲಿ ಅಂತ ಕೇಳ್ರಿ, ಕೊಡ್ತಾರ. ನಮ್ಮ ಕಡೆ ಪ್ಯಾಕೆಟ್ ತಗೊಂಡ್ ಹೋಗೋರು ಯಾರೂ ಇದನ್ನ ಕೇಳೂದಿಲ್ಲ, ನಾವ ಹೇಳಾಕ ಹೋದ್ರ ನಾಚಿಕೊಂಡು ಚಿಲ್ಲರೆನೂ ತಗೊಳ್ಳದ ಹೊಂಟ ಹೋಗ್ತಾರ.

ತುದಿ ಹತ್ರ ಹರದೈತಿ ಅಂದ್ರ ಇನ್ನೊಂದೂ ಇರಬಹುದು, ಹಾಕೂ ಮುಂದ ತುದಿ ಎರಡು ಬೆರಳಲ್ಲಿ ಹಿಡದು ಗಾಳಿ ತೆಗೀಬೇಕು, ಗಾಳಿ ಉಳದ್ರ ಅಲ್ಲೇ ಒಡೀತೈತಿ. ಪಾಕೀಟು ಹಲ್ಲಿಂದ ಹರೀಬ್ಯಾಡ್ರಿ, ಪರ್ಸಿನ್ಯಾಗ, ಬೈಕ್ ಡಿಕ್ಕ್ಯಾಗ ಇಟ್ಟಿದ್ದು ಬಿಸಿಲಿಗೆ ಕೆಟ್ಟಿರ್ತೈತಿ. ಡಬಲ್ ಹಾಕಿದ್ರ ಸೇಫ್ ಅಂತಾರಲ್ಲ, ಅದೂ ತಪ್ಪು, ಎರಡೂ ತಿಕ್ಕಾಡಿ ಹರೀತಾವ.

ರವಿ_ಬೆಂಗ್ಳೂರು:
ಕಾಂಡೋಮ್ ನಂಬ್ಕೊಂಡ್ರೆ ಇದೇ ಕಥೆ. ನಾವು ಅದ್ಯಾವ್ದೂ ಯೂಸ್ ಮಾಡಲ್ಲ, ಕೊನೇಲಿ ಹೊರಗೆ ತೆಗೀತೀವಿ, ಇದುವರೆಗೂ ಏನೂ ಆಗಿಲ್ಲ. ಈಗ ಪಪ್ಪಾಯಿ, ಎಳ್ಳು ತಿನ್ನೋಕೆ ಹೇಳಿ, ಹೀಟ್ ಆಗಿ ಡೇಟ್ ಬಂದ್ಬಿಡುತ್ತೆ.

ಸ್ಟಾಫ್‌ನರ್ಸ್_ತುಮಕೂರು:
ರವಿ ಅವರೇ, ದಯವಿಟ್ಟು ಇಂಥದ್ದು ಹೇಳ್ಬೇಡಿ, ಆಕೆಗೆ ಈಗ ಒಂದೊಂದು ಗಂಟೆನೂ ಮುಖ್ಯ. ಪಪ್ಪಾಯಿ, ಎಳ್ಳು ತಿಂದ್ರೂ, ಒಳಗೆ ನೀರು ಹಾಕಿ ತೊಳ್ಕೊಂಡ್ರೂ ಗರ್ಭ ನಿಲ್ಲೋದು ತಪ್ಪಲ್ಲ. ಆ ನಂಬರ್ ವಿಷ್ಯನೂ ಹೇಳ್ಬಿಡ್ತೀನಿ. ಅದು ನೂರು ಸಲದ ಲೆಕ್ಕ ಅಲ್ಲ, ನೂರು ಜೋಡಿ ಒಂದು ವರ್ಷ ಪೂರ್ತಿ ಯೂಸ್ ಮಾಡಿದ ಲೆಕ್ಕ. ಪ್ರತಿ ಸಲ, ಶುರುವಿಂದ ಕೊನೆವರೆಗೂ ಸರಿಯಾಗಿ ಹಾಕಿದ್ರೆ ವರ್ಷಕ್ಕೆ ನೂರರಲ್ಲಿ 2 ಹೆಂಗಸರು ಗರ್ಭಿಣಿ ಆಗ್ತಾರೆ. ಜನ ನಿಜವಾಗ್ಲೂ ಯೂಸ್ ಮಾಡೋ ರೀತಿ ನೋಡಿದ್ರೆ, ಅಂದ್ರೆ ಕೆಲವು ಸಲ ಹಾಕಲ್ಲ, ಅರ್ಧದಲ್ಲಿ ಹಾಕ್ತಾರೆ, ಎಣ್ಣೆ ಹಚ್ತಾರೆ, ಇದೆಲ್ಲಾ ಸೇರಿ ಸುಮಾರು 13. ಹೊರಗೆ ತೆಗೆಯೋದ್ರಲ್ಲಿ ಸುಮಾರು 20. ಏನೂ ಇಲ್ದೇ ಇದ್ರೆ 85. ಕಾಂಡೋಮ್ ಬಿಟ್ಟು ಬೇರೆ ಯಾವ ವಿಧಾನನೂ ಎಚ್‌ಐವಿ ತರದ ಸೋಂಕಿಂದ ಕಾಪಾಡಲ್ಲ, ಅದನ್ನ ಹೀಗೆ ತೆಗೆದು ಹಾಕೋದು ನಂಗೆ ಸರಿ ಅನ್ಸಲ್ಲ.

ಹೊಸಮನೆ_ಸೊಸೆ:
ತುಂಬಾ ಥ್ಯಾಂಕ್ಸ್ ಸಿಸ್ಟರ್, ಅಣ್ಣಾ ನಿಮ್ಗೂ. ಇಲ್ಲಿ ಮೆಡಿಕಲ್‌ನವ್ರು ನಮ್ಮ ಮಾವಂಗೆ ಪರಿಚಯ ಅಂತ ಇವ್ರು ಹಾಸನಕ್ಕೇ ಹೋಗಿ ಮಾತ್ರೆ ತಂದ್ರು, ಊಟ ಆದ್ಮೇಲೆ ತಗೊಂಡೆ, ಸ್ವಲ್ಪ ಸುಸ್ತು ಬಿಟ್ರೆ ವಾಂತಿ ಆಗಿಲ್ಲ. ಎಣ್ಣೆಯಿಂದ ಹರಿಯುತ್ತೆ ಅಂತ ನಮಗೆ ಯಾರೂ ಹೇಳಿರ್ಲಿಲ್ಲ. ಇನ್ನು ಟೆಸ್ಟ್ ಯಾವಾಗ ಮಾಡ್ಲಿ? ಅಕಸ್ಮಾತ್ ಪಾಸಿಟಿವ್ ಬಂದ್ರೆ?

ಸ್ಟಾಫ್‌ನರ್ಸ್_ತುಮಕೂರು:
ಒಳ್ಳೇದಾಯ್ತು. ಒಂದು ನೆನಪಿರ್ಲಿ, ಈ ಮಾತ್ರೆ ಇನ್ಮುಂದಿನ ಸಲಕ್ಕೆ ರಕ್ಷಣೆ ಕೊಡಲ್ಲ, ಅಂಡ ತಡವಾಗಿ ಬರೋದ್ರಿಂದ ಈ ತಿಂಗ್ಳು ಇನ್ನೂ ಹುಷಾರಾಗಿರ್ಬೇಕು. ಆ ಉರಿ ಬಗ್ಗೆನೂ ಡಾಕ್ಟರಿಗೆ ತೋರಿಸಿ, ಒಣಗಿರೋದಕ್ಕೋ, ಇನ್ಫೆಕ್ಷನ್‌ಗೋ, ಕೆಲವರಿಗೆ ಲೇಟೆಕ್ಸ್ ಅಲರ್ಜಿಗೂ ಬರುತ್ತೆ. ಟೆಸ್ಟ್ ಇವತ್ತು ನಾಳೆ ಮಾಡಿದ್ರೆ ಏನೂ ಗೊತ್ತಾಗಲ್ಲ. ಡೇಟ್ ಒಂದು ವಾರ ತಡ ಆದ್ರೆ, ಇಲ್ಲಾಂದ್ರೆ ಈ ಘಟನೆ ಆಗಿ 21 ದಿನ ಆದ್ಮೇಲೆ, ಬೆಳಗ್ಗೆ ಮೊದಲನೇ ಮೂತ್ರದಲ್ಲಿ ಮಾಡಿ. ಅಂಗಡಿಗೆ ಹೋಗೋಕೆ ಮುಜುಗರ ಆದ್ರೆ ಆಶಾ ಕಾರ್ಯಕರ್ತೆ ಹತ್ರ ನಿಶ್ಚಯ್ ಕಿಟ್ ಕೇಳಿ.

ಪಾಸಿಟಿವ್ ಬಂದ್ರೂ ಮೆಡಿಕಲ್‌ನಿಂದ ಅಬಾರ್ಷನ್ ಮಾತ್ರೆ ತರಿಸಿ ಮನೇಲಿ ನುಂಗ್ಬೇಡಿ, ಗರ್ಭಕೋಶ ಬಿಟ್ಟು ನಾಳದಲ್ಲಿ ಗರ್ಭ ನಿಂತಿದ್ರೆ ಜೀವಕ್ಕೇ ಅಪಾಯ. ಡಾಕ್ಟರ್ ಹತ್ರ ಹೋಗಿ. ಗರ್ಭನಿರೋಧಕ ಫೇಲ್ ಆಗಿದ್ದು 1971ರ ಎಂಟಿಪಿ, ಅಂದ್ರೆ ಗರ್ಭಪಾತದ ಕಾಯ್ದೆಲೇ ಗರ್ಭ ತೆಗೆಸೋಕೆ ಒಪ್ಪಿರೋ ಒಂದು ಕಾರಣ, 2021ರ ತಿದ್ದುಪಡಿ ಆದ್ಮೇಲೆ 20 ವಾರದವರೆಗೂ ಒಬ್ಬ ಅರ್ಹ ಡಾಕ್ಟರ್ ಅಭಿಪ್ರಾಯ ಸಾಕು. ನಿಮಗೆ 18 ತುಂಬಿದೆ, ನಿಮ್ಮ ಸಹಿ ಒಂದೇ ಸಾಕು, ಗಂಡಂದಾಗ್ಲಿ ಅತ್ತೆದಾಗ್ಲಿ ಬೇಕಾಗಲ್ಲ.