ಪುಸಿ ವಿಲೋ ಕುಚ್ಚಿಗೆ ಕನ್ನಡದಲ್ಲಿ ಏನಂತೀರಿ? ಶನಿವಾರದೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ಮಿಶಿಗನ್‌ನಲ್ಲಿ ನಾವೊಂದಷ್ಟು ಕನ್ನಡದವರು ಗಿಡ ಹಂಚ್ಕೊಳ್ತೀವಿ, ಈ ಶನಿವಾರ ನಾನು ಪುಸಿ ವಿಲೋ ಅನ್ನೋ ಗಿಡದ ಕಡ್ಡಿ ಕೊಡ್ತಿದೀನಿ, ಜೊತೆಗೆ ಊರಿಂದ ಬಂದಿರೋ ಅಪ್ಪ ಅಮ್ಮಂದಿರಿಗೆ ಓದೋಕೆ ಒಂದು ಚೀಟಿ. ಮರಕ್ಕೆ ವಿಲೋ ಅಂತಲೇ ಬರೀತೀನಿ. ಸಿಕ್ಕಾಕ್ಕೊಂಡಿರೋದು ಆ ಮೊಗ್ಗಿನ ಹತ್ರ. ಫೆಬ್ರವರಿ ಕೊನೆಗೆ, ಇನ್ನೂ ಹಿಮ ಇರುವಾಗ್ಲೇ, ಕಂದು ಸಿಪ್ಪೆ ಟೋಪಿ ಥರ ಕಳಚಿ ಒಳಗಿಂದ ಬೂದು ಬಣ್ಣದ ರೇಷ್ಮೆ ಉಂಡೆ ಇಣುಕತ್ತಲ್ಲ, ಅದು. ಆಗ್ಲೇ ಕಡ್ಡಿ ಕೊಯ್ದು ನೀರಿಲ್ಲದ ಹೂದಾನಿಯಲ್ಲಿಟ್ರೆ ಹಾಗೇ ಒಣಗಿ ವರ್ಷಗಟ್ಟಲೆ ಇರತ್ತೆ, ನೀರಿಗೆ ಹಾಕಿದ್ರೆ ಅರಳಿ ಹಳದಿ ಪುಡಿ ಉದುರತ್ತೆ, ಬುಡದಲ್ಲಿ ಬೇರೂ ಬಿಡತ್ತೆ, ನೆಡೋರಿಗೆ ಅದೇ ಬೇಕು. ದಪ್ಪ ಉಂಡೆ ಬೇಕಂದ್ರೆ ಗಂಡು ಗಿಡದ ಕಡ್ಡಿ ನೆಡಬೇಕು. ಇಷ್ಟು ಬರೆದಾಯ್ತು, ಆದ್ರೆ ಎಲ್ಲಾ ಕಡೆ "ಉಂಡೆ" ಅಂತಿದ್ರೆ ಚೆನ್ನಾಗಿಲ್ಲ. ಮೊಗ್ಗಾ, ತೆನೆಯಾ, ಕುಚ್ಚಾ?

---

ತೆನೆ. ಮೊಗ್ಗು ತಪ್ಪು, ಅದು ಒಂದು ಹೂವಲ್ಲ, ಒಂದೇ ದಂಟಿಗೆ ಒತ್ತೊತ್ತಾಗಿ ಕೂತ ಪುಟ್ಟ ಪುಟ್ಟ ಹೂವುಗಳು. ಮರಕ್ಕೆ ವಿಲೋ ಯಾಕೆ ಮೇಡಂ? ನಮ್ಮ ಹೊಳೆದಂಡೆಯ ನೀರವಂಜಿಯೂ ಅದೇ ವಿಲೋ ಕುಲ, ಸ್ಯಾಲಿಕ್ಸ್. ವಂಜಿ ತಮಿಳಲ್ಲೂ ಇದೆ, ಸಂಸ್ಕೃತದ ವಂಜುಳ ಹೋಗಿದ್ದೇ ನಮ್ಮ ಕಡೆಯಿಂದ ಅನ್ನೋದು ನನ್ನ ವಾದ.

---

> ಸಂಸ್ಕೃತದ ವಂಜುಳ ಹೋಗಿದ್ದೇ

ಮತ್ತೆ ಶುರುವಾಯ್ತು. ವಂಜುಳ ಅಂದ್ರೆ ಬೆತ್ತವೂ ಹೌದು, ಅಶೋಕವೂ ಹೌದು, ಅದನ್ನ ನಂಬ್ಕೊಂಡು ವಾದ ಕಟ್ಟಬೇಡಿ ಸರ್. ತೆನೆ ಅಂದ್ರೆ ಜನಕ್ಕೆ ರಾಗಿ, ಜೋಳ. ಇಂಗ್ಲಿಷಲ್ಲಿ ಇದಕ್ಕೆ ಹೇಳೋ ಕ್ಯಾಟ್‌ಕಿನ್ ಕೂಡ ಡಚ್ಚಿಂದ ತಂದಿದ್ದು, ಬೆಕ್ಕಿನಮರಿ ಅಂತ ಅರ್ಥ, ಪೋಲೆಂಡಿನವರೂ ಈ ಕುಚ್ಚಿಗೆ ಬೆಕ್ಕಿನಮರಿ ಅಂತಾರೆ. ಇಲಿಕಿವಿ, ನಾಯಿಸಾಸಿವೆ, ಆನೆನೆಗ್ಗಿಲು ಅಂತ ಗಿಡಗಳಿಗೆ ಹೆಸರಿಟ್ಟ ನಮಗೆ ಬೆಕ್ಕಿನಮರಿ ಯಾಕಾಗಬಾರದು?

---

ಆಗಲ್ಲ. ಇಲಿಕಿವಿ ನಮ್ಮವರೇ ಎಲೆ ನೋಡಿ ಇಟ್ಟ ಹೆಸರು. ಇದು ಡಚ್ಚರು ನೋಡಿದ್ದನ್ನ ನಾವು ನಕಲು ಮಾಡೋದು. ಪದ ತಂದ್ರೆ ಮಾತ್ರ ಎರವಲು, ಹೋಲಿಕೆ ತಂದ್ರೆ ಅಲ್ವಾ? ಹಾಗಿದ್ರೆ ವಿಲೋ ಅಂತಲೇ ಇಟ್ಕೊಳಿ, ಅದಾದ್ರೂ ಎಲ್ಲಿಂದ ಬಂತು ಅಂತ ಗೊತ್ತಾಗತ್ತೆ.

---

ಇಬ್ಬರಿಗೂ ಥ್ಯಾಂಕ್ಸ್. ಬೆಳಿಗ್ಗೆ ನಮ್ಮತ್ತೆ ಕೈಗೆ ಒಂದು ಕಡ್ಡಿ ಕೊಟ್ಟೆ, ಏನೂ ಹೇಳಲಿಲ್ಲ. ಹೆಬ್ಬೆರಳಲ್ಲಿ ಮೇಲಿಂದ ಕೆಳಗೆ ಸವರಿದ್ರು, ಆಮೇಲೆ ಹಿಮ್ಮುಖವಾಗಿ ಸವರಿದ್ರು, "ಏನೇ ಇದು, ತುಪ್ಪಳದ ಕುಚ್ಚು ಇದ್ದಂಗಿದೆ" ಅಂದ್ರು. ನನಗೆ ಅಷ್ಟು ಸಾಕು. ಚೀಟೀಲಿ "ನೀರವಂಜಿ ಕುಲದ ಗಿಡ, ತುಪ್ಪಳಗುಚ್ಚು ಬಿಡುತ್ತದೆ" ಅಂತ ಹಾಕ್ತಿದೀನಿ. ಕೆಳಗೆ ಇನ್ನೊಂದು ಸಾಲು: ಬೇರು ನೀರಿರೋ ಕಡೆ ನುಗ್ಗತ್ತೆ, ಡ್ರೈನ್ ಪೈಪಿಂದ ದೂರ ನೆಡಿ.

---

ತುಪ್ಪಳಗುಚ್ಚು. ಆದೇಶ ಸಂಧಿ ಸರಿಯಾಗಿದೆ. ನನ್ನ ಪಟ್ಟಿಗೆ ಸೇರಿಸ್ಕೊಂಡೆ. ವಂಜುಳದ ಬಗ್ಗೆ ಬೇರೆ ಮೇಲ್ ಹಾಕ್ತೀನಿ.